ಆರ್‌ಪಿ ಇರುವವರು ಹೋಟೆಲ್ ಗಲ್ಲೆಯಲ್ಲಿ ಕೆಲಸ ಮುಂದುವರಿಸಬಹುದೇ? (ಡೊಂಬಿವಲಿ – ಮಾಟುಂಗಾ)

ಪ್ರಶ್ನೆ: ಡೊಂಬಿವಲಿ_ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ 44 ವರ್ಷ. ರೆಟಿನೈಟಿಸ್ ಪಿಗ್ಮೆಂಟೋಸಾ (ಆರ್‌ಪಿ) ಎಂಬ ಅಕ್ಷಿಪಟಲದ ಕಾಯಿಲೆ ಇದೆ. ಚಾರ್ಟ್ ಓದಿಸಿದಾಗ ಎರಡೂ ಕಣ್ಣು 6/12 ಬರುತ್ತದೆ (ಕಣ್ಣು ಸರಿಯಿರುವವರು 12 ಮೀಟರಿನಿಂದ ಓದುವುದನ್ನು ಇವರು 6 ಮೀಟರಿನಿಂದ ಓದುತ್ತಾರೆ). ಆದರೆ ದೃಷ್ಟಿಕ್ಷೇತ್ರ, ಅಂದರೆ ಕಣ್ಣು ಅಲುಗಿಸದೆ ಒಮ್ಮೆಗೆ ಕಾಣುವ ಅಗಲ, ಸುಮಾರು 15 ಡಿಗ್ರಿ ಮಾತ್ರ ಉಳಿದಿದೆ ಎಂದು ಅದನ್ನು ಅಳೆಯುವ ಪೆರಿಮೆಟ್ರಿ ಪರೀಕ್ಷೆಯ ರಿಪೋರ್ಟ್ ಹೇಳುತ್ತದೆ. ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ಗಲ್ಲೆಯಲ್ಲಿ ಕೂರುತ್ತಾರೆ. ಪೇಪರ್ ಓದುತ್ತಾರೆ, ಆದರೆ ಮೇಜಿನ ಮೇಲೆ ಗಿರಾಕಿ ಇಟ್ಟ ಚಿಲ್ಲರೆ ಕಾಣುವುದಿಲ್ಲ. ನೋಟು ಅದಲು ಬದಲಾಗುತ್ತಿವೆ, ನಡೆಯುವಾಗ ಸ್ಟೂಲು ತಾಗುತ್ತದೆ. ಐದು ಪಟ್ಟು ದೊಡ್ಡದು ತೋರಿಸುವ ಭೂತಗನ್ನಡಿ ತಂದದ್ದು ಉಪಯೋಗಕ್ಕೆ ಬರಲಿಲ್ಲ. ರಾತ್ರಿ ಹತ್ತೂವರೆಗೆ ಲೋಕಲ್ ಹಿಡಿದು ಬರುವುದೇ ದೊಡ್ಡ ಚಿಂತೆ.

ಕೆಲಸ ಬಿಡಿಸಿ ಎಂದು ನೆಂಟರೆಲ್ಲ ಹೇಳುತ್ತಿದ್ದಾರೆ. ಬಿಡದೆ ನಡೆಸಿಕೊಂಡು ಹೋಗುವ ದಾರಿ ಇದೆಯೇ? ಏನು ಕೊಳ್ಳಬೇಕು, ಏನು ಕಲಿಯಬೇಕು, ಎಲ್ಲಿ ಕಲಿಯಬೇಕು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ 1: ಲೋವಿಷನ್_ಪುಣೆ

ಅಕ್ಕಾ, ಕೆಲಸ ಬಿಡಿಸುವ ಅಗತ್ಯವಿಲ್ಲ. ಭೂತಗನ್ನಡಿ ಮಾತ್ರ ಬಿಡಿ.

ವಯಸ್ಸಾದವರಲ್ಲಿ ನೋಟದ ನಟ್ಟನಡುವೆ ಮಸುಕಾಗುವ ಮ್ಯಾಕ್ಯುಲಾ (ಅಕ್ಷಿಪಟಲದ ನಡುಭಾಗ) ಕಾಯಿಲೆಗೆ ಅದು ಸರಿಹೊಂದುತ್ತದೆ. ಅಕ್ಷರ ಹಿಗ್ಗಿ, ಮಸುಕಾದ ಜಾಗವನ್ನು ಮೀರಿ ಪಕ್ಕದ ಒಳ್ಳೆಯ ಭಾಗದಲ್ಲಿ ಬೀಳುತ್ತದೆ. ಆರ್‌ಪಿಯಲ್ಲಿ ಕಥೆ ತಿರುವುಮುರುವು. ಅಕ್ಷಿಪಟಲದ ಅಂಚಿನಲ್ಲಿ ಮಂದ ಬೆಳಕಿಗಾಗಿ ಇರುವ ರಾಡ್ ಕೋಶಗಳು ಮೊದಲು ಸಾಯುತ್ತವೆ, ನಡುವಿನ ಕೋನ್ ಕೋಶಗಳು ಕೊನೆಯವರೆಗೆ ಉಳಿಯುತ್ತವೆ. ಆದ್ದರಿಂದ ಮೊದಲು ಇರುಳುಗಣ್ಣು, ಆಮೇಲೆ ಕೊಳವೆಯೊಳಗಿಂದ ನೋಡಿದಂಥ ನೋಟ. ಕೊಳವೆಯಿಂದ ನೋಡುವವರಿಗೆ ವಸ್ತುವನ್ನು ಐದು ಪಟ್ಟು ಹಿಗ್ಗಿಸಿಕೊಟ್ಟರೆ ಕೊಳವೆಯೊಳಗೆ ಅದರ ಐದನೇ ಒಂದು ಪಾಲು ಮಾತ್ರ ಹಿಡಿಸುತ್ತದೆ.

ಲೆಕ್ಕ ಹಾಕಿ ನೋಡಿ. 15 ಡಿಗ್ರಿ ಅಂದರೆ 60 ಸೆಂ.ಮೀ. ದೂರದಲ್ಲಿ ಕಾಣುವುದು ಹೆಚ್ಚುಕಡಿಮೆ 16 ಸೆಂ.ಮೀ. ಅಗಲ. ಈಗಿನ 500ರ ನೋಟಿನ ಉದ್ದ 15 ಸೆಂ.ಮೀ. ಕೈಚಾಚಿ ಒಂದು ನೋಟು ಹಿಡಿದರೆ ಅವರಿಗೆ ಕಾಣುವುದು ಆ ನೋಟೊಂದೇ, ಅದರ ಪಕ್ಕದಲ್ಲಿಟ್ಟ ನಾಣ್ಯ ಇಲ್ಲವೇ ಇಲ್ಲ. ಅದೇ 25 ಸೆಂ.ಮೀ.ಗೆ ತಂದರೆ ಆರೂವರೆ ಸೆಂ.ಮೀ., 3 ಮೀಟರ್ ದೂರದಲ್ಲಾದರೆ ಸುಮಾರು 80 ಸೆಂ.ಮೀ. ಬಾಗಿಲಲ್ಲಿ ನಿಂತ ಗಿರಾಕಿಯ ಮುಖ ಗುರುತಾಗುತ್ತದೆ, ಕೈಬುಡದ ಚಿಲ್ಲರೆ ಕಾಣುವುದಿಲ್ಲ. ಪೇಪರ್ ಓದುವವರು ಸ್ಟೂಲಿಗೆ ಎಡವಿದರೆ 'ನಾಟಕ' ಎನ್ನುವ ಜನರಿದ್ದಾರೆ. ಹೋಟೆಲಿನ ಮಾಲೀಕರಿಗೂ ಮನೆಯವರಿಗೂ ಈ ಲೆಕ್ಕವನ್ನು ಒಮ್ಮೆ ತೋರಿಸಿ. ಒಂದು ಕಣ್ಣು ಮುಚ್ಚಿ, ಕಾಗದ ಸುತ್ತಿದ ಕೊಳವೆಯನ್ನು ಇನ್ನೊಂದಕ್ಕೆ ಹಿಡಿದು ನಾಲ್ಕು ಹೆಜ್ಜೆ ನಡೆಸಿದರೆ ಇನ್ನೂ ಬೇಗ ಅರ್ಥವಾಗುತ್ತದೆ.

ಅವರಿಗೆ ಬೇಕಾದದ್ದು ಬೆಳಕು, ಬಣ್ಣದ ಎದ್ದುಕಾಣುವಿಕೆ ಮತ್ತು ಕಣ್ಣನ್ನು ಕ್ರಮವಾಗಿ ಓಡಿಸುವ ಅಭ್ಯಾಸ. ಬಲ್ಬಿನ ವ್ಯಾಟ್ ಹೆಚ್ಚಿಸುವುದಕ್ಕಿಂತ ದೀಪವನ್ನು ಹತ್ತಿರ ತರುವುದು ಮೇಲು: ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಕತ್ತು ಬಾಗುವ ಟೇಬಲ್ ಲ್ಯಾಂಪನ್ನು ಕೆಲಸದ ಜಾಗದಿಂದ 30 ಸೆಂ.ಮೀ. ಎತ್ತರದಲ್ಲಿ, ಬಲ್ಬು ಕಣ್ಣಿಗೆ ನೇರ ಕಾಣದಂತೆ ಇಡಬೇಕು. ಆರ್‌ಪಿಯಲ್ಲಿ ಮಂದ ಬೆಳಕಷ್ಟೇ ಅಲ್ಲ, ಕಣ್ಣು ಕೋರೈಸುವ ಬೆಳಕೂ ಶತ್ರು. ಹೊರಗೆ ಬಿಸಿಲಿಗೆ ಅಂಬರ್ ಬಣ್ಣದ ಕ್ಲಿಪ್ ಗಾಜು ಮತ್ತು ಅಂಚಿರುವ ಟೋಪಿ. ಒಳಗೆ ಬಂದ ಕೂಡಲೇ ಕ್ಲಿಪ್ ತೆಗೆದು, ಬಾಗಿಲ ಬಳಿ ಗೋಡೆಗೆ ಸರಿದು ಒಂದೆರಡು ನಿಮಿಷ ನಿಲ್ಲಬೇಕು. ಅವರ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವುದು ನಿಧಾನ, ಅವಸರ ಮಾಡಿದಲ್ಲೇ ಡಿಕ್ಕಿ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಆರ್‌ಪಿಗೆ ಮದ್ದಿಲ್ಲ ಎಂದು ವೈದ್ಯರ ಬಳಿ ಹೋಗುವುದನ್ನೇ ನಿಲ್ಲಿಸುವವರು ಬಹಳ. ಆದರೆ ಇದರ ಜೊತೆಗೆ ಬರುವ ಎರಡು ತೊಂದರೆಗಳಿಗೆ ಚಿಕಿತ್ಸೆ ಇದೆ. ಒಂದು, ಮಸೂರದ ಹಿಂಬದಿಯಲ್ಲಿ ಕಟ್ಟುವ ಪೊರೆ. ಇನ್ನೊಂದು, ಮ್ಯಾಕ್ಯುಲಾದಲ್ಲಿ ನೀರು ತುಂಬುವ ಸಿಸ್ಟಾಯ್ಡ್ ಎಡಿಮಾ. ಅದು ಅಕ್ಷಿಪಟಲದ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನಿನಲ್ಲಿ ಕಾಣುತ್ತದೆ, ಡೋರ್ಜೋಲಮೈಡ್ ಹನಿಗೆ ಅಥವಾ ಅಸೆಟಜೋಲಮೈಡ್ ಮಾತ್ರೆಗೆ ಎಷ್ಟೋ ಜನರಲ್ಲಿ ಇಳಿಯುತ್ತದೆ. 6/12 ಇದ್ದದ್ದು ಕೆಲವೇ ತಿಂಗಳಲ್ಲಿ 6/24 ಆದರೆ 'ಆರ್‌ಪಿ ತಾನೇ' ಎಂದು ಬಿಟ್ಟುಬಿಡಬೇಡಿ. ವರ್ಷಕ್ಕೊಮ್ಮೆಯಾದರೂ ಒಸಿಟಿ ಆಗಲಿ.

ವಿಟಮಿನ್ ಎ ಮಾತ್ರೆಯನ್ನು ಅವರಿವರ ಮಾತು ಕೇಳಿ ತಿನ್ನಿಸಬೇಡಿ. ಹೆಚ್ಚು ಪ್ರಮಾಣ ಯಕೃತ್ತಿಗೆ ಕೆಟ್ಟದ್ದು, ಎಬಿಸಿಎ4 ಜೀನಿನ ದೋಷವಿದ್ದರೆ ಕಣ್ಣಿಗೇ ಹಾನಿ. ಸ್ಟೆಮ್ ಸೆಲ್ ಜಾಹೀರಾತುಗಳಿಂದಲೂ ದೂರವಿರಿ. ನಮ್ಮ ದೇಶದ 2017ರ ಮಾರ್ಗಸೂಚಿಯಂತೆ ಇಂಥ ಕಾಯಿಲೆಗೆ ಅದನ್ನು ಕೊಡುವುದು ನೋಂದಾಯಿತ ಪ್ರಯೋಗದಲ್ಲಿ ಮಾತ್ರ, ಅದರಲ್ಲಿ ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ. ಲಕ್ಷಗಟ್ಟಲೆ ಕೇಳಿದರು ಅಂದರೆ ಎದ್ದು ಬನ್ನಿ. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕ ಜೀನ್ ಚಿಕಿತ್ಸೆ ಇರುವುದು ನಿಜ, ಆದರೆ ಅದು ಆರ್‌ಪಿಇ65 ಎಂಬ ಒಂದೇ ಜೀನಿನ ದೋಷಕ್ಕೆ. ಹಾಗಾಗಿ ಜೀನ್ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಂಡಿರುವುದು ಒಳ್ಳೆಯದು.

ಉತ್ತರ 2: ಗಲ್ಲಾ_ಲೆಕ್ಕ

ಮೇಲಿನವರು ಕಣ್ಣಿನದು ಹೇಳಿದ್ದಾರೆ, ನಾನು ಗಲ್ಲೆಯದು ಹೇಳುತ್ತೇನೆ.

ಮೊದಲ ತಪ್ಪು ಮೇಜಿನದೇ. ನಮ್ಮ ಹೋಟೆಲುಗಳ ಗಲ್ಲೆ ಅಂದರೆ ಹೊಳೆಯುವ ಗ್ರಾನೈಟು, ಇಲ್ಲವೇ ಗಾಜು ಹಾಸಿದ ಮೇಜು, ಅದರಡಿಯಲ್ಲಿ ದೇವರ ಪಟ, ವಿಸಿಟಿಂಗ್ ಕಾರ್ಡು. ಅದರ ಮೇಲೆ ಬಿದ್ದ ನಾಣ್ಯ ಕಣ್ಣು ಚೆನ್ನಾಗಿರುವವರಿಗೂ ತಟ್ಟನೆ ಕಾಣುವುದಿಲ್ಲ. ಗಾಜು ತೆಗೆಸಿ, ಹೊಳಪಿಲ್ಲದ ಕಪ್ಪು ರಬ್ಬರ್ ಮ್ಯಾಟ್ ಹಾಸಿ. ನಡುವೆ ಅಂಚು ಎತ್ತರವಿರುವ ಒಂದು ತಟ್ಟೆ ಇಡಿ. ಅದರ ತಳವೂ ಕಪ್ಪು ಇರಲಿ, ಸ್ಟೀಲ್ ಬೇಡ, ಮಿನುಗುತ್ತದೆ. ಹಣ ಕೊಡುವುದೂ ತೆಗೆದುಕೊಳ್ಳುವುದೂ ಆ ತಟ್ಟೆಯಲ್ಲೇ. 'ಹಣ ಇಲ್ಲಿ ಇಡಿ' ಎಂದು ಮರಾಠಿ, ಹಿಂದಿಯಲ್ಲಿ ಬರೆದು ಅಂಟಿಸಿದರೆ ಗಿರಾಕಿಗಳಿಗೆ ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ. ಮೇಜಿಡೀ ಹುಡುಕುವ ಕೆಲಸ ಒಂದು ಗೇಣಿಗೆ ಇಳಿಯಿತು.

ಗಲ್ಲೆ ಬೀದಿಗೆ ಮುಖ ಮಾಡಿದ್ದರೆ ಗಿರಾಕಿಯ ಬೆನ್ನಿಗೆ ಬಿಸಿಲು, ಮುಖ ಕಪ್ಪು ನೆರಳು. ಕುರ್ಚಿಯನ್ನು ಕಾಲು ಸುತ್ತು ತಿರುಗಿಸಿ, ಬೆಳಕು ಪಕ್ಕದಿಂದ ಬರುವಂತೆ ಮಾಡಿ.

ನೋಟಿನ ವಿಷಯ ಸ್ವಲ್ಪ ಉದ್ದವಿದೆ. ಈಗಿನ 100, 200, 500ರ ಅಗಲ ಒಂದೇ, 66 ಮಿ.ಮೀ. ಉದ್ದ 142, 146, 150. ಅಂದರೆ ಒಂದಕ್ಕೂ ಇನ್ನೊಂದಕ್ಕೂ 4 ಮಿ.ಮೀ. ವ್ಯತ್ಯಾಸ. ಅವಸರದಲ್ಲಿ ಬೆರಳಿಗೆ ಅದು ಸಿಗುವುದು ಕಷ್ಟ. ಸಾಲದ್ದಕ್ಕೆ 157 ಮಿ.ಮೀ. ಉದ್ದದ ಹಳೆಯ 100ರ ನೋಟು ಇನ್ನೂ ಓಡಾಡುತ್ತಿದೆ, 'ಉದ್ದವಿದ್ದದ್ದು ದೊಡ್ಡ ನೋಟು' ಎಂಬ ಲೆಕ್ಕವನ್ನೇ ಅದು ಕೆಡಿಸುತ್ತದೆ. ಅಂಚಿನಲ್ಲಿ ಉಬ್ಬು ಗೆರೆಗಳಿವೆ: 100ಕ್ಕೆ ನಾಲ್ಕು, 200ಕ್ಕೆ ನಾಲ್ಕರ ನಡುವೆ ಎರಡು ಚಿಕ್ಕ ವೃತ್ತ, 500ಕ್ಕೆ ಐದು. ಹೊಸ ನೋಟಿನಲ್ಲಿ ಉಗುರಿಗೆ ಸಿಗುತ್ತವೆ, ನಾಲ್ಕು ಕೈ ದಾಟಿ ಮೆತ್ತಗಾದದ್ದರಲ್ಲಿ ಸವೆದಿರುತ್ತವೆ. ಆದ್ದರಿಂದ ಬೆರಳನ್ನೊಂದೇ ನಂಬದೆ ಬಣ್ಣ, ಗೆರೆ ಎರಡನ್ನೂ ಒಟ್ಟಿಗೆ ನೋಡುವ ರೂಢಿ ಮಾಡಿಸಿ.

ಬಣ್ಣದಲ್ಲೂ ತಕರಾರಿದೆ. ಹಳದಿ ಬಲ್ಬಿನಡಿ 50ರ ನೀಲಿಯೂ 100ರ ತಿಳಿನೇರಳೆಯೂ ಹತ್ತಿರವಾಗಿಬಿಡುತ್ತವೆ, ಹಸಿರು ಹಳದಿಯ 20 ಮತ್ತು ಹಳದಿ 200 ಕೂಡ. 4000 ಕೆಲ್ವಿನ್ ಆಸುಪಾಸಿನ ಬಿಳಿ ಎಲ್‌ಇಡಿ, ಸಿಆರ್‌ಐ (ಬಣ್ಣವನ್ನು ಇದ್ದಂತೆ ತೋರಿಸುವ ಅಳತೆ) 90 ಎಂದು ಬರೆದದ್ದನ್ನು ಹಾಕಿದರೆ ಬಣ್ಣ ಬೇರೆ ಬೇರೆಯಾಗಿ ಕಾಣುತ್ತದೆ.

ಡ್ರಾಯರಿನಲ್ಲಿ ಎಡದಿಂದ ಬಲಕ್ಕೆ 10, 20, 50, 100, 200, 500, ಈ ಕ್ರಮ ಯಾರೂ ಬದಲಿಸಬಾರದು. ಊಟದ ಹೊತ್ತಿಗೆ ಗಲ್ಲೆಯಲ್ಲಿ ಇನ್ನೊಬ್ಬರು ಕೂತು ಎದ್ದ ಮೇಲೆ ನೋಟು ಅದಲು ಬದಲಾಗುವುದು ಮಾಮೂಲು, ಅವರಿಗೂ ಇದನ್ನು ಕಟ್ಟುನಿಟ್ಟಾಗಿ ಹೇಳಿ. ನೋಟು ತೆಗೆದುಕೊಂಡಾಗ 'ಐನೂರು' ಎಂದು ಬಾಯಿಬಿಟ್ಟು ಹೇಳಿ, ಚಿಲ್ಲರೆ ಕೊಟ್ಟು ಮುಗಿಯುವವರೆಗೆ ಅದನ್ನು ತಟ್ಟೆಯಲ್ಲೇ ಬಿಡುವುದು ಗಲ್ಲೆಯ ಹಳೆಯ ಶಿಸ್ತು. ಇವರಿಗೆ ಅದು ಎರಡು ಪಟ್ಟು ಮುಖ್ಯ. 20ರ ನಾಣ್ಯಕ್ಕೆ 12 ಮೂಲೆ, ಬೆರಳಿಗೆ ಕೂಡಲೇ ಗೊತ್ತಾಗುತ್ತದೆ.

ಅನುಮಾನ ಬಂದ ನೋಟಿಗೆ ರಿಸರ್ವ್ ಬ್ಯಾಂಕಿನ 'ಮಣಿ' ಆ್ಯಪ್ ಇದೆ, 2020ರಲ್ಲಿ ಬಂದದ್ದು. ಕ್ಯಾಮರಾ ಹಿಡಿದರೆ ಎಷ್ಟರ ನೋಟು ಎಂದು ಹೇಳುತ್ತದೆ, ಇಂಟರ್ನೆಟ್ ಬೇಡ. ಆದರೆ ಅಸಲಿಯೋ ನಕಲಿಯೋ ಎಂದು ಅದು ಹೇಳುವುದಿಲ್ಲ. ಯುಪಿಐಗೆ ಸೌಂಡ್‌ಬಾಕ್ಸ್ ಗಲ್ಲೆಯಿಂದ ಒಂದು ಅಡಿಯೊಳಗೆ ಇರಲಿ. ಅಡುಗೆಮನೆಯ ಗದ್ದಲದಲ್ಲಿ ಮೊತ್ತ ಕೇಳಿಸದೆ ಹೋಗುವುದೇ ಅಲ್ಲಿನ ತೊಂದರೆ.

ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಅಕ್ಷರ ದೊಡ್ಡದು ಮಾಡುವ ಬದಲು ಮೌಸಿನ ಬಾಣ ದೊಡ್ಡದು, ಹಳದಿ ಬಣ್ಣದ್ದು ಮಾಡಿ. ಕಂಟ್ರೋಲ್ ಕೀ ಒತ್ತಿದರೆ ಬಾಣದ ಸುತ್ತ ವೃತ್ತ ಮೂಡುವ ಆಯ್ಕೆ ವಿಂಡೋಸ್‌ನಲ್ಲಿದೆ, ಅದನ್ನು ಹಾಕಿ. ಬಿಲ್ಲಿನ ಕಿಟಕಿಯನ್ನು ಪೂರ್ತಿ ಪರದೆಗೆ ಹರಡದೆ ನಡುವೆ ಚಿಕ್ಕದಾಗಿಡಿ. 15 ಡಿಗ್ರಿಯೊಳಗೆ ಎಲ್ಲ ಸಿಗಬೇಕು, ಅಷ್ಟೇ.

ಡೊಂಬಿವಲಿ_ಗೃಹಿಣಿ

ತುಂಬಾ ಉಪಕಾರವಾಯಿತು. ಮ್ಯಾಟ್, ಲ್ಯಾಂಪ್ ನಾಳೆಯೇ ತರಿಸುತ್ತೇನೆ. ಇನ್ನೆರಡು ಕೇಳುವುದಿದೆ. ಬಿಳಿಕೋಲು ಎಂದರೆ ಸಾಕು, ಅವರು ಮಾತೇ ನಿಲ್ಲಿಸುತ್ತಾರೆ. ಕೋಲು ಪೂರ್ತಿ ಕಾಣದವರಿಗೆ ಅಲ್ಲವೇ ಎನ್ನುತ್ತಾರೆ. ಇನ್ನು, ನಮಗೆ 14 ವರ್ಷದ ಮಗಳಿದ್ದಾಳೆ, ನಮ್ಮದು ಸೋದರಸಂಬಂಧದ ಮದುವೆ.

ಉತ್ತರ 3: ಬಿಳಿಕೋಲು_ಠಾಣೆ

ಅಕ್ಕಾ, ಕೋಲು ಕುರುಡಿಗಲ್ಲ, ಕಾಲಿಗೆ. ಅವರ ನೋಟ ಮುಖಗಳ ಮೇಲೆ, ಬೋರ್ಡುಗಳ ಮೇಲೆ ಇರುವಾಗ ಎರಡು ಹೆಜ್ಜೆ ಮುಂದಿನ ನೆಲವನ್ನು ಯಾರು ನೋಡಬೇಕು? ಈಗ ಅವರು ನೆಲ ನೋಡಿ ನಡೆದರೆ ಎದುರು ಬರುವವರಿಗೆ ಡಿಕ್ಕಿ, ಎದುರು ನೋಡಿದರೆ ಸ್ಟೂಲಿಗೆ ಡಿಕ್ಕಿ. ನೆಲವನ್ನು ಕೋಲಿಗೆ ಬಿಟ್ಟರೆ ಉಳಿದ 15 ಡಿಗ್ರಿ ಬಿಡುವಾಗಿ ದೂರ ನೋಡುತ್ತದೆ. ಕಣ್ಣು ಇನ್ನೂ ಇರುವಾಗ ಕಲಿತರೆ ಇನ್ನೊಂದು ಲಾಭ, ಕೋಲು ಹೇಳಿದ್ದು ನಿಜವೇ ಎಂದು ಕಣ್ಣಲ್ಲಿ ತಾಳೆ ನೋಡಬಹುದು. ಎಲ್ಲ ಹೋದ ಮೇಲೆ ಕಲಿಯುವವರಿಗೆ ಆ ಸೌಲಭ್ಯ ಇರುವುದಿಲ್ಲ, ಹೆದರಿಕೆಯ ಜೊತೆಗೇ ಕಲಿಯಬೇಕು.

ಹಗಲು ಬೇಡವೆಂದರೆ ಒತ್ತಾಯ ಬೇಡ. ಮಡಚುವ ಕೋಲು ಚೀಲದಲ್ಲಿರಲಿ, ಸಂಜೆ ಏಳರ ಮೇಲೆ ಮಾತ್ರ ತೆಗೆಯಲಿ. ಒಂದು ತಿಂಗಳಲ್ಲಿ ಅವರೇ ನಿರ್ಧರಿಸುತ್ತಾರೆ. ನೇರ ನಿಂತಾಗ ನೆಲದಿಂದ ಎದೆಮೂಳೆಯ ಕೆಳತುದಿವರೆಗಿನ ಉದ್ದ ಕನಿಷ್ಠ ಬೇಕು. ಐದೂವರೆ ಅಡಿಯವರಿಗೆ ಸುಮಾರು 120 ಸೆಂ.ಮೀ., ವೇಗವಾಗಿ ನಡೆಯುವವರಿಗೆ ಸ್ವಲ್ಪ ಹೆಚ್ಚು. ಗಿಡ್ಡ ಕೋಲು ಕೊಂಡರೆ ಅಡ್ಡಿ ಗೊತ್ತಾಗುವಷ್ಟರಲ್ಲಿ ಕಾಲು ತಾಗಿರುತ್ತದೆ. ಚೂಪು ತುದಿ ನಮ್ಮ ಫುಟ್‌ಪಾತಿನ ಪೇವರ್ ಸಂದಿಗೆ ಸಿಕ್ಕಿಕೊಂಡು ಹಿಡಿ ಹೊಟ್ಟೆಗೆ ಗುದ್ದುತ್ತದೆ, ಉರುಳುವ ದಪ್ಪ ತುದಿ ಹಾಕಿಸಿ. ಒಳಗಿನ ಎಲಾಸ್ಟಿಕ್ ಸಡಿಲವಾದರೆ ಕೀಲುಗಳು ನಡುದಾರಿಯಲ್ಲಿ ಬಿಚ್ಚಿಕೊಳ್ಳುತ್ತವೆ, ಆಗಾಗ ಎಳೆದು ನೋಡಿ.

ಕೈ ಹೊಕ್ಕುಳ ಎದುರಿಗೆ. ತುದಿ ಎರಡೂ ಭುಜಗಳಿಗಿಂತ ಮೂರು ಬೆರಳು ಆಚೆಗೆ ಹೋಗಿ ಬರಬೇಕು. ಎಡಗಾಲು ಮುಂದಿಡುವಾಗ ತುದಿ ಬಲಕ್ಕೆ, ಬಲಗಾಲಿಗೆ ಎಡಕ್ಕೆ, ಯಾಕೆಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಅದು ಮೊದಲೇ ತಡವಿರಬೇಕು. ಆರಂಭದಲ್ಲಿ ಎಲ್ಲರೂ ತಪ್ಪುವುದು ಇಲ್ಲೇ, ಕೋಲು ಕಾಲಿನ ಕಡೆಗೇ ಹೋಗುತ್ತದೆ. ಪುಸ್ತಕದಿಂದ ಕಲಿಯುವ ವಿದ್ಯೆ ಇದಲ್ಲ. ವರಳಿಯ ನ್ಯಾಷನಲ್ ಅಸೋಸಿಯೇಷನ್ ಫಾರ್ ದ ಬ್ಲೈಂಡ್‌ನಲ್ಲಿ ಓಡಾಟದ ತರಬೇತಿ ಕೇಳಿ. ಫೋನು, ಕಂಪ್ಯೂಟರು ಕಲಿಯಲು ಸೇಂಟ್ ಝೇವಿಯರ್ಸ್ ಕಾಲೇಜಿನೊಳಗೆ ದೃಷ್ಟಿದೋಷ ಇರುವವರಿಗಾಗಿ ಎಕ್ಸ್‌ಆರ್‌ಸಿವಿಸಿ ಎಂಬ ಕೇಂದ್ರ ಇದೆ, 2003ರಿಂದ ಇದೇ ಕೆಲಸ ಮಾಡುತ್ತಿದೆ.

ಕೋಲಿಗೆ ಸೊಂಟದಿಂದ ಮೇಲಿನದು ಸಿಗುವುದಿಲ್ಲ. ಅಂಗಡಿಯ ತಾಡಪಾಲು, ಮರದ ಕೊಂಬೆ, ಟೆಂಪೋದ ಹಿಂಬಾಗಿಲು, ಇವೆಲ್ಲ ಹಣೆಗೇ ಬರುತ್ತವೆ. ಅಂಚಿರುವ ಟೋಪಿ ರಾತ್ರಿಯೂ ತಲೆಯ ಮೇಲಿರಲಿ, ಮೊದಲು ಅದು ತಾಗುತ್ತದೆ.

ಲೋಕಲ್: ದಾದರಿಗೆ ಹೋಗಿ ಫಾಸ್ಟ್ ಹಿಡಿಯುವ ಆಸೆ ಬೇಡ. ಮಾಟುಂಗಾದಿಂದ ಡೊಂಬಿವಲಿಗೆ ನೇರ ಸ್ಲೋ ಇರುವಾಗ ರಾತ್ರಿ ಬ್ರಿಜ್ ಹತ್ತಿ ಇಳಿದು ಪ್ಲಾಟ್‌ಫಾರ್ಮ್ ಬದಲಿಸುವುದು ಯಾಕೆ? ಹ್ಯಾಂಡಿಕ್ಯಾಪ್ ಡಬ್ಬಿ ನಿಲ್ಲುವ ಜಾಗದಲ್ಲಿ ಬೀಪ್ ಸದ್ದು ಮಾಡುವ ಪೆಟ್ಟಿಗೆ ಹಾಕಿರುತ್ತಾರೆ, ಅದರ ಕೆಳಗೆ, ಅಂಚಿನ ಹಳದಿ ಉಬ್ಬುಹಾಸಿನ ಈಚೆಗೆ ನಿಲ್ಲಬೇಕು. ಗಾಡಿ ಪೂರ್ತಿ ನಿಂತ ಮೇಲೆ ಕೋಲಿನಿಂದ ಮೊದಲು ಪ್ಲಾಟ್‌ಫಾರ್ಮಿನ ಅಂಚು, ಆಮೇಲೆ ಡಬ್ಬಿಯ ನೆಲ, ಆಮೇಲೆ ಕೈಗೆ ಕಂಬ, ಈ ಮೂರೂ ಸಿಕ್ಕ ಮೇಲೆಯೇ ಕಾಲೆತ್ತುವುದು. ಎರಡು ಡಬ್ಬಿಗಳ ನಡುವಿನ ಸಂದಿಯೂ ಕತ್ತಲಲ್ಲಿ ಬಾಗಿಲಂತೆ ಕಾಣುತ್ತದೆ, ಕೋಲಿಗೆ ಅಲ್ಲಿ ನೆಲ ಸಿಗುವುದಿಲ್ಲ. ಹಾಗಾಗಿ ನೆಲ ತಡವುವ ಹೆಜ್ಜೆಯನ್ನು ಒಂದು ದಿನವೂ ಬಿಡುವಂತಿಲ್ಲ. ಯಾವ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ ಎಂಬ ಪಟ್ಟಿ ಬಾಯಿಪಾಠವಾಗಲಿ. ಭಾನುವಾರ ಮಾಟುಂಗಾ – ಮುಲುಂಡ್ ಮೆಗಾಬ್ಲಾಕ್ (ದುರಸ್ತಿಗಾಗಿ ಹಳಿ ಮುಚ್ಚುವುದು) ಇದ್ದರೆ ಗಾಡಿಗಳು ಬೇರೆ ಹಳಿಗೆ ಬರುತ್ತವೆ, ಆ ಪಟ್ಟಿ ಕೈಕೊಡುತ್ತದೆ. ಶನಿವಾರವೇ ನೋಡಿಕೊಳ್ಳಿ.

ಡೊಂಬಿವಲಿಯಲ್ಲಿ ಇಳಿದ ಕೂಡಲೇ ಜನರ ಜೊತೆ ಬ್ರಿಜ್‌ಗೆ ನುಗ್ಗದೆ, ಕಂಬಕ್ಕೆ ಬೆನ್ನು ಕೊಟ್ಟು ಎರಡು ಮೂರು ನಿಮಿಷ ನಿಂತು ಬಿಡಲಿ. ಬೀದಿಯಲ್ಲಿ ಮೊಬೈಲ್ ಟಾರ್ಚ್ ಸಾಲದು. ಬೆಳಕು ಅಗಲಕ್ಕೆ ಹರಡುವ ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿಯಬೇಕು, ಆಗ ಗುಂಡಿಗೂ ಕಲ್ಲಿಗೂ ನೆರಳು ಬಿದ್ದು ಎದ್ದು ಕಾಣುತ್ತವೆ. ಕಣ್ಣಿನ ಮಟ್ಟದಲ್ಲಿ ಹಿಡಿದರೆ ನೆರಳು ಮಾಯ, ನೆಲ ಚಪ್ಪಟೆ. ಮಳೆಗಾಲದಲ್ಲಿ ಕೊಡೆ ಬೇಡ, ರೇನ್‌ಕೋಟು. ಒಂದು ಕೈಗೆ ಕೋಲು, ಒಂದು ಕೈಗೆ ಟಾರ್ಚು, ಕೊಡೆಗೆ ಕೈ ಎಲ್ಲಿದೆ? ಕೊಡೆಯ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಹಿಂದೆ ಬರುವ ರಿಕ್ಷಾ ಕೇಳಿಸುವುದೂ ಇಲ್ಲ. ನೀರು ನಿಂತ ರಸ್ತೆಯಲ್ಲಿ ಗಟಾರದ ಮುಚ್ಚಳ ತೆರೆದಿರಬಹುದು, ಪ್ರತಿ ಹೆಜ್ಜೆಗೂ ಕೋಲು ತಳ ಮುಟ್ಟಬೇಕು.

ನೀವು ಜೊತೆಗಿದ್ದಾಗ ಅವರ ತೋಳು ಹಿಡಿದು ದೂಡಬೇಡಿ. ಅವರು ನಿಮ್ಮ ಮೊಣಕೈ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರಲಿ, ನಿಮ್ಮ ಮೈ ಇಳಿದದ್ದು ಏರಿದ್ದು ಅವರ ಕೈಗೆ ತಿಳಿಯುತ್ತದೆ. ಸ್ಕೂಟರ್ ಓಡಿಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಇದರಲ್ಲಿ ರಾಜಿ ಇಲ್ಲ.

ಉತ್ತರ 4: ಲೋವಿಷನ್_ಪುಣೆ

ಮಗಳ ಬಗ್ಗೆ: ಆರ್‌ಪಿ ಹಲವು ಬಗೆಯಲ್ಲಿ ಇಳಿದು ಬರುತ್ತದೆ. ತಂದೆಗೆ ಬಂದದ್ದು ಎಕ್ಸ್ ವರ್ಣತಂತುವಿನಿಂದಾದರೆ ಹೆಣ್ಣುಮಕ್ಕಳೆಲ್ಲ ವಾಹಕರು. ಒಂದೇ ದೋಷಪೂರಿತ ಜೀನ್ ಸಾಕಾಗುವ ಬಗೆಯಾದರೆ ಅರ್ಧಕ್ಕರ್ಧ ಸಾಧ್ಯತೆ. ತಂದೆ ತಾಯಿ ಇಬ್ಬರಿಂದಲೂ ಬರಬೇಕಾದ ಬಗೆಯಾದರೆ, ಹೊರಗಿನ ಸಂಬಂಧದಲ್ಲಿ ಅಪಾಯ ತೀರಾ ಕಡಿಮೆ. ಆದರೆ ಸೋದರಸಂಬಂಧದಲ್ಲಿ ನಿಮಗೂ ಅದೇ ಜೀನ್ ಇರಬಹುದಾದ್ದರಿಂದ ಹಾಗೆ ಹೇಳಲಾಗದು. ಮೊದಲು ಅವರ ಜೀನ್ ಪರೀಕ್ಷೆ, ಆಮೇಲೆ ನಿಮ್ಮದು. ಮಗಳ ಕಣ್ಣಿಗೆ ಹನಿ ಹಾಕಿ ಅಕ್ಷಿಪಟಲ ನೋಡಿಸಿ, ಮಂದ ಬೆಳಕಿನಲ್ಲಿ ತಡವರಿಸುತ್ತಾಳೆಯೇ ಗಮನಿಸಿ. ನಿಮ್ಮವರ ಕಿವಿಯನ್ನೂ ಪರೀಕ್ಷಿಸಿ. ಅಷರ್ ಸಿಂಡ್ರೋಮ್ ಎಂಬ ಬಗೆಯಲ್ಲಿ ಕಣ್ಣಿನ ಜೊತೆ ಶ್ರವಣವೂ ಕುಗ್ಗಿರುತ್ತದೆ. ಮೇಲೆ ಹೇಳಿದ ಓಡಾಟವೆಲ್ಲ ಕಿವಿಯನ್ನೇ ನಂಬಿದೆ.

ಉತ್ತರ 5: ಮಾತಾಡುವ_ಫೋನ್

ಫೋನಿನಲ್ಲಿ ಟಾಕ್‌ಬ್ಯಾಕ್ (ಪರದೆಯಲ್ಲಿರುವುದನ್ನು ಓದಿ ಹೇಳುವ ಸೌಲಭ್ಯ) ಬಳಸುವುದನ್ನು ಅವರಿಗೆ ಈಗಲೇ ಕಲಿಸಿ. ಆ್ಯಂಡ್ರಾಯ್ಡ್‌ನಲ್ಲಿ ಸದ್ದಿನ ಎರಡೂ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡ್ ಒತ್ತಿದರೆ ಶುರು, ಹಾಗೆಯೇ ನಿಲುಗಡೆ (ಮೊದಲ ಸಲ ಸೆಟ್ಟಿಂಗ್ಸ್‌ನಲ್ಲಿ ಒಪ್ಪಿಗೆ ಕೊಡಬೇಕು). ಬಲಕ್ಕೆ ಸವರಿದರೆ ಮುಂದಿನದು, ಎಲ್ಲಿಯಾದರೂ ಎರಡು ಸಲ ತಟ್ಟಿದರೆ ಒಳಹೋಗುತ್ತದೆ, ಎರಡು ಬೆರಳಲ್ಲಿ ಎಳೆದರೆ ಪುಟ ಸರಿಯುತ್ತದೆ. ಇದನ್ನು ತಿಳಿಯದೆ ಆನ್ ಮಾಡಿ, ಒಂದೇ ಸಲ ತಟ್ಟಿ, 'ಫೋನ್ ಕೆಟ್ಟಿತು' ಎಂದು ಗಾಬರಿಯಾಗುವವರೇ ಹೆಚ್ಚು. ಕನ್ನಡ ಧ್ವನಿಯನ್ನು ವೈಫೈ ಇರುವಲ್ಲಿ ಇಳಿಸಿಕೊಳ್ಳಿ. ದಿನಕ್ಕೆ ಇಪ್ಪತ್ತು ನಿಮಿಷ, ಮೊದಲು ಬರೀ ಕರೆ ಮಾಡುವುದು, ಆಮೇಲೆ ಮೆಸೇಜು, ಕೊನೆಗೆ ಬ್ಯಾಂಕು. ಪಿನ್ ಒತ್ತುವಾಗ ಇಯರ್‌ಫೋನ್ ಕಡ್ಡಾಯ, ಆದರೆ ರಸ್ತೆಯಲ್ಲಿ ಎರಡೂ ಕಿವಿ ಮುಚ್ಚಬಾರದು.

ಉತ್ತರ 6: ಕಾಗದಪತ್ರ_ಮುಂಬೈ

ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿದ್ದೀರಾ? ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ ಪ್ರಕಾರ ಮಂದದೃಷ್ಟಿಯನ್ನು ಚಾರ್ಟಿನಿಂದಷ್ಟೇ ಅಳೆಯುವುದಿಲ್ಲ. ದೃಷ್ಟಿಕ್ಷೇತ್ರ 40 ಡಿಗ್ರಿಗಿಂತ ಕಡಿಮೆಯಿದ್ದು 10ರವರೆಗೆ ಇದ್ದರೂ ಮಂದದೃಷ್ಟಿಯೇ, 10ಕ್ಕಿಂತ ಕೆಳಗೆ ಹೋದರೆ ಅಂಧತ್ವ. 6/12 ಓದಿದ ಕೂಡಲೇ 'ನಿಮ್ಮ ಕಣ್ಣು ಚೆನ್ನಾಗಿದೆ' ಎಂದು ವಾಪಸ್ ಕಳುಹಿಸುವುದುಂಟು. ಅದಕ್ಕೇ ಎರಡೂ ಕಣ್ಣಿನ ಪೆರಿಮೆಟ್ರಿಯ ಮೂಲಪ್ರತಿ ಕೈಯಲ್ಲಿರಲಿ, ಕ್ಷೇತ್ರ ಇಷ್ಟು ಡಿಗ್ರಿ ಎಂದು ವೈದ್ಯರಿಂದ ಬರೆಸಿರಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಸ್ಪತ್ರೆ ಆರಿಸಿ, ಆಧಾರ್, ಫೋಟೋ, ವರದಿಗಳೊಂದಿಗೆ ಹೋಗಿ. 15 ಡಿಗ್ರಿಗೆ ಅಂಗವಿಕಲತೆ 40 ಪ್ರತಿಶತದ ಗಡಿ ದಾಟುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ, ಅಂಗವಿಕಲತೆ 80 ಪ್ರತಿಶತ ಮುಟ್ಟಿದರೆ 1,25,000 ರೂಪಾಯಿ ಕಡಿತ ಸಿಗುತ್ತದೆ. ಕಾಯಿಲೆ ಮುಂದುವರಿಯುವಂಥದ್ದು, ಕ್ಷೇತ್ರ ಇನ್ನೂ ಕುಗ್ಗಿದಾಗ ಮರುಪರೀಕ್ಷೆ ಕೇಳಿ.

ಡೊಂಬಿವಲಿ_ಗೃಹಿಣಿ

ಎಲ್ಲವನ್ನೂ ಅವರಿಗೆ ಓದಿ ಹೇಳಿದೆ. 500ರ ನೋಟಿನ ಲೆಕ್ಕ ಕೇಳಿ, 'ಹೌದು, ಹೀಗೇ ಕಾಣುವುದು' ಎಂದರು. ಕೋಲು ರಾತ್ರಿಗೆ ಮಾತ್ರ ಎಂದು ಒಪ್ಪಿದ್ದಾರೆ. ನಮ್ಮ ಬಿಲ್ಡಿಂಗಿನ ಮೆಟ್ಟಿಲು ಕಪ್ಪು ಕಡಪ ಕಲ್ಲಿನದು, ಲಿಫ್ಟ್ ಇಲ್ಲ. ಅದಕ್ಕೆ ಏನು ಮಾಡಲಿ?

ಬಿಳಿಕೋಲು_ಠಾಣೆ

ಪ್ರತಿ ಮೆಟ್ಟಿಲಿನ ಅಂಚಿಗೆ ಎರಡು ಇಂಚು ಅಗಲದ ಹಳದಿ ಪಟ್ಟಿ, ಪೂರ್ತಿ ಉದ್ದಕ್ಕೆ. ಟೇಪ್ ಹಾಕುವುದಾದರೆ ಮರಳು ಕಾಗದದಂತೆ ತರಿತರಿಯಾಗಿರುವ, ಜಾರದ ಬಗೆಯದು. ಅಂಟಿಸುವ ಮೊದಲು ಕಲ್ಲನ್ನು ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಇಲ್ಲದಿದ್ದರೆ ಮೊದಲ ಮಳೆಗೇ ಮೂಲೆ ಎದ್ದು, ಎದ್ದ ಟೇಪೇ ಎಡವುವ ಕಾರಣವಾಗುತ್ತದೆ. ಪೇಂಟ್ ಆದರೆ ವರ್ಷಕ್ಕೊಮ್ಮೆ ಹಚ್ಚಬೇಕು. ಮೊದಲ ಮತ್ತು ಕೊನೆಯ ಮೆಟ್ಟಿಲು ಬಿಡಬೇಡಿ, ಬೀಳುವುದು ಹೆಚ್ಚಾಗಿ ಅಲ್ಲೇ. ಮೆಟ್ಟಿಲ ಪಕ್ಕದ ಹಿಡಿಕಂಬಿ ಮುಗಿಯುವ ಒಂದು ಅಡಿ ಮೊದಲು ಅದರ ಅಡಿಭಾಗಕ್ಕೆ ದಾರ ಬಿಗಿಯಾಗಿ ಸುತ್ತಿ, ಮೆಟ್ಟಿಲು ಮುಗಿಯಿತೆಂದು ಕೈಗೆ ಮೊದಲೇ ತಿಳಿಯುತ್ತದೆ. ಸೊಸೈಟಿ ಸೆಕ್ರೆಟರಿಗೆ ಹೇಳುವಾಗ ಇದು ಬಿಲ್ಡಿಂಗಿನ ಎಲ್ಲ ಹಿರಿಯರಿಗೂ ಬೇಕಾದದ್ದು ಎನ್ನಿ. ಮನೆಯೊಳಗೆ ಬಾಗಿಲು ಪೂರ್ತಿ ತೆರೆದಿರಲಿ ಅಥವಾ ಪೂರ್ತಿ ಮುಚ್ಚಿರಲಿ, ಅರ್ಧ ತೆರೆದ ಬಾಗಿಲಿನ ಅಂಚು ಕೋಲಿಗೂ ಸಿಗುವುದಿಲ್ಲ, ಕಣ್ಣಿಗೂ ಸಿಗುವುದಿಲ್ಲ. ಚಪ್ಪಲಿಗಳು ಹೊಸ್ತಿಲ ಎದುರಿಗೆ ಬೇಡ, ಗೋಡೆಯ ಸ್ಟ್ಯಾಂಡಿನಲ್ಲಿರಲಿ.